ಉಗ್ರ ಹೋರಾಟ ಯಾವತ್ತು?

ಥೂ, ಆ ಒಂದು ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ! ‘ತಪ್ಪಿದಲ್ಲಿ ಮುಂದಿನ ದಿನಗಳಲ್ಲಿ ಉಗ್ರ ಹೋರಾಟ ನಡೆಸಲಾಗುವುದು ಎಂದು ಎಚ್ಚರಿಸುತ್ತೇವೆ.’ ಸರ್ಕಾರಿ ಕಚೇರಿಯೊಂದರ ಎದುರು ನನ್ನದು ಟೈಪಿಂಗ್ ಅಂಗಡಿ. ಮನವಿ ಪತ್ರ ಯಾರದ್ದೇ ಇರಲಿ, ಆ ಸಾಲು ಕಂಪ್ಯೂಟರಿನಲ್ಲಿ ಮೊದಲೇ ಕೂತಿರುತ್ತದೆ. ಬರೆಸಿದವರೂ ನಂಬುವುದಿಲ್ಲ, ತೆಗೆದುಕೊಂಡವರೂ ನಂಬುವುದಿಲ್ಲ.

ನಂಬಿದವಳು ಉಡಚಮ್ಮ ಒಬ್ಬಳೇ. ಸಾಸ್ವೆಹಳ್ಳಿ ಕಡೆಯ ಕೂಲಿ ಹೆಂಗಸು. ನಾಟಿ, ಕಳೆ, ಕೊಯ್ಲು ಅಂತ ಬೆನ್ನು ಬಗ್ಗಿಸಿಯೇ ಬದುಕಿದವಳು. ಓದು ಬಾರದು. ಅವರ ಕೇರಿಯಿಂದ ಸ್ಮಶಾನಕ್ಕೆ ಹೋಗುವ ದಾರಿಗೆ ಉಚ್ಚಂಗೆಪ್ಪ ಎಂಬ ಜಮೀನುದಾರ ತಂತಿಬೇಲಿ ಹಾಕಿ ಆರು ವರ್ಷವಾಗಿತ್ತು. ಹೆಣ ಹೊತ್ತವರು ಕಾಲುವೆಗೆ ಇಳಿದು ದಾಟಬೇಕು. ಅತ್ತೆಯ ಹೆಣ ಆ ನೀರಿನಲ್ಲಿ ಜಾರಿ ಬಿದ್ದದ್ದನ್ನು ಉಡಚಮ್ಮ ಕಣ್ಣಾರೆ ಕಂಡಿದ್ದಳು. ಈಗ ಗಂಡ ಚಿಕ್ಕಹನುಮಂತಪ್ಪ ಲಕ್ವ ಹೊಡೆದು ಮಲಗಿದ್ದ. ಅವನನ್ನಾದರೂ ದಾರಿಯಲ್ಲೇ ಒಯ್ಯಬೇಕು ಎಂಬುದೊಂದೇ ಅವಳ ಹಟ.

ಬೇಲಿ ತೆಗೆಸಿ ಎಂದು ಮನವಿ ಕೊಡಲು ಕೇರಿಯ ಮುಖಂಡ ತಿಪ್ಪೇಶ್ ಪ್ರತಿಸಲ ಜನ ಕರೆತರುತ್ತಿದ್ದ. ನನ್ನ ಅಂಗಡಿಯಿಂದಲೇ ಮೊದಲು ಕಚೇರಿಯ ಸಾಹೇಬರಿಗೆ ಫೋನ್.

“ಸರ್, ಹನ್ನೆರಡಕ್ಕೆ ಧಿಕ್ಕಾರ ಕೂಗ್ತೀವಿ. ಒಂದ್ ಹತ್ತು ನಿಮಿಷ ಹೊರಗೆ ಬಂದ್ಬಿಡ್ರಿ.”

ಸಾಹೇಬರು ಬರುವರು. ಪತ್ರ ಹಿಡಿದು ಫೋಟೋ, ಚಪ್ಪಾಳೆ, ಆಮೇಲೆ ಮಂಡಕ್ಕಿ ಮೆಣಸಿನಕಾಯಿ. ಬಂಡೇಳುವುದೆಂದರೆ ನಮ್ಮಲ್ಲಿ ಇಷ್ಟೇ ಆಗಿಬಿಟ್ಟಿದೆ. ಅಸಹ್ಯ!

ಏಳನೆಯ ಪತ್ರದ ದಿನ ಉಡಚಮ್ಮ ನನ್ನಿಂದ ಪೂರ್ತಿ ಓದಿಸಿಕೊಂಡಳು.

“ಅಣ್ಣಾ, ಈ ಉಗ್ರ ಹೋರಾಟ ಯಾವತ್ತು ಐತೆ? ತಾರೀಖು ಹಾಕ್ರಿ. ಕೂಲಿ ಬಿಟ್ಟು ಬರಾಕೆ ಮೊದ್ಲೇ ಹೇಳ್ಬೇಕಲ್ಲ.”

ತಿಪ್ಪೇಶ್ ಹೊಟ್ಟೆ ಹಿಡಿದು ನಕ್ಕ. “ಅದು ಹಂಗೇ ಬರೆಯಾದು ಕಣವ್ವಾ. ನೀನೊಬ್ಬಳು!”

ನಾನೂ ನಕ್ಕೆ. ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ.

ಶ್ರಾವಣದಲ್ಲಿ ಚಿಕ್ಕಹನುಮಂತಪ್ಪ ತೀರಿಕೊಂಡ. ಕಾಲುವೆ ತುಂಬಿ ಹರಿಯುತ್ತಿತ್ತು. ಫೋನ್ ಮಾಡಿದರೆ ತಿಪ್ಪೇಶ್, “ನಾಳೆ ಬರ್ರಿ, ಇನ್ನೊಂದು ಮನವಿ ಕೊಡಾನ” ಎಂದನಂತೆ. ಉಡಚಮ್ಮ ಪಕ್ಕದ ಮನೆಯ ಕಟಿಂಗ್ ಪ್ಲೇಯರ್ ಇಸಕೊಂಡು ಹೋಗಿ, ಹಾಡುಹಗಲಲ್ಲಿ ತಂತಿಗಳನ್ನು ಒಂದೊಂದಾಗಿ ಕತ್ತರಿಸಿದಳು. ಗಂಡನ ಹೆಣ ಒಣನೆಲದ ಮೇಲೇ ಸ್ಮಶಾನ ಸೇರಿತು.

ಉಚ್ಚಂಗೆಪ್ಪ ದೂರು ಕೊಟ್ಟ. ಮೂರನೆಯ ದಿನ ತಿಪ್ಪೇಶ್ ಅಂಗಡಿಗೆ ಬಂದು ಪತ್ರಿಕಾ ಹೇಳಿಕೆ ಬರೆಸಿದ: ‘ಈ ಕಾನೂನುಬಾಹಿರ ಕೃತ್ಯಕ್ಕೂ ನಮ್ಮ ಸಂಘಟನೆಗೂ ಯಾವುದೇ ಸಂಬಂಧವಿಲ್ಲ.’ ಅದನ್ನೂ ಟೈಪ್ ಮಾಡಿಕೊಟ್ಟೆ, ನಾನೇನು ಸಾಚಾನೇ? ಅಷ್ಟರಲ್ಲಿ ಪೊಲೀಸನೊಬ್ಬ ಉಡಚಮ್ಮನನ್ನೇ ಕರೆತಂದ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಬೇಕಂತೆ. ತಿಪ್ಪೇಶ್ ಮುಖ ತಿರುಗಿಸಿ ಮೊಬೈಲು ತಿಕ್ಕುತ್ತ ನಿಂತ.

ಟೈಪ್ ಮಾಡಿ, ಓದಿ ಹೇಳಿ, ಹೆಬ್ಬೆಟ್ಟಿಗೆಂದು ಇಂಕ್ ಪ್ಯಾಡ್ ಅವಳತ್ತ ಸರಿಸಿದೆ. ಅವಳು ಕೈ ಸೆರಗಿನೊಳಗೆ ಇಟ್ಟುಕೊಂಡು ಪೊಲೀಸನತ್ತ ತಿರುಗಿದಳು.

“ಇದಕ್ಕೆ ಹೆಂಗೆ ಒತ್ತಲಿ ಸಾಹೇಬ್ರೇ? ಕೇರ್ಯಾಗೆ ಸಾಯೋರು ಇನ್ನೂ ಅದಾರಲ್ಲ.”