ಏಳು ತಿಂಗಳು ಕೇಳದ ದನಿ

ನಾನು ಸರ್ಕಾರಿ ಸೇವೆಯಿಂದ ನಿವೃತ್ತಳಾಗಿ, ಶಿವಮೊಗ್ಗದ ಸವಳಂಗ ರಸ್ತೆಯ ನರ್ಸಿಂಗ್ ಹೋಮ್ ಒಂದರಲ್ಲಿ ಹೆರಿಗೆ ವೈದ್ಯೆಯಾಗಿ ಕೂರತೊಡಗಿದ ಮೊದಲ ವರ್ಷದ ಮಾತು. ಭದ್ರಾವತಿಯ ಗೌರಮ್ಮ ತಮ್ಮ ಬಸುರಿ ಸೊಸೆ ಸವಿತಾಳನ್ನು ತಪಾಸಣೆಗೆ ಕರೆತರುತ್ತಿದ್ದರು. ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು.

"ಅವ್ಳಿಗೆ ನಾಚ್ಕೆ ಡಾಕ್ಟ್ರೆ, ನಾನೇ ಹೇಳ್ತೀನಿ."

ನಮ್ಮ ಕಡೆ ಇದು ಮಾಮೂಲು. ಹೊರಗೆ ಸಾಲು ಉದ್ದವಿದ್ದಾಗ ಚುರುಕಾಗಿ ಉತ್ತರಿಸುವ ಅತ್ತೆಯಂದಿರು ನನಗೂ ಅನುಕೂಲವೇ ಆಗಿದ್ದರು.

ಏಳನೇ ತಿಂಗಳ ಸ್ಕ್ಯಾನಿನಲ್ಲಿ ಬಲ ಅಂಡಾಶಯದಲ್ಲಿ ಎಂಟು ಸೆಂಟಿಮೀಟರಿನ ಗಟ್ಟಿ ಗಡ್ಡೆ ಕಂಡಿತು. ಮೊದಲಿನ ಸ್ಕ್ಯಾನಿನಲ್ಲಿ ಅದು ಇರಲಿಲ್ಲ. ಕ್ಯಾನ್ಸರ್ ಇರಬಹುದೆಂದು ಹೆದರಿ, ಅಂಡಾಶಯ ತೆಗೆಯಲು ನಾನೇ ದಿನ ಗೊತ್ತುಮಾಡಿದೆ. ಆಪರೇಷನ್ನಿನಿಂದ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿತ್ತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ದಿನ ಗೌರಮ್ಮ ಸೀಮಂತದ ಸೀರೆಗೆಂದು ಗಾಂಧಿ ಬಜಾರಿಗೆ ಹೋಗಿದ್ದರು. ಆಪರೇಷನ್ನಿಗೆ ಮೊದಲೇ ಶಾಸ್ತ್ರ ಮುಗಿಸಬೇಕೆಂಬ ಹಟ ಅವರದು. ಸವಿತಾ ಒಬ್ಬಳೇ ಇದ್ದಳು.

"ಹೆಸರು ಹೇಳಮ್ಮ" ಎಂದೆ.

ಬಾಗಿಲ ಕಡೆ ನೋಡಿ, "ಸವಿತಾ" ಎಂದಳು. ಗಂಡಸಿನ ಕಂಠ.

"ಎರಡು ತಿಂಗಳಾಯ್ತು ಡಾಕ್ಟ್ರೆ, ಗಂಟ್ಲು ಹಿಂಗಾಗಿ. ಮೀಸೆನೂ ಬರ್ತಿದೆ. ಇಲ್ಲಿಗೆ ಬರೋ ಹಿಂದಿನ ದಿನ ಥ್ರೆಡ್ಡಿಂಗ್ ಮಾಡಿಸ್ಕೋತೀನಿ. ಯಾರೆದುರೂ ಬಾಯಿ ಬಿಡ್ಬೇಡ ಅಂದಿದಾರೆ ಅತ್ತೆ."

ಒಪ್ಪಿಗೆ ಪತ್ರವನ್ನು ಬದಿಗಿಟ್ಟು ರಕ್ತಪರೀಕ್ಷೆಗೆ ಬರೆದುಕೊಟ್ಟೆ. ಏಳು ತಿಂಗಳಲ್ಲಿ ನಾನು ಅವಳ ದನಿಯನ್ನೇ ಕೇಳಿರಲಿಲ್ಲ!

ರಕ್ತದಲ್ಲಿ ಟೆಸ್ಟೋಸ್ಟೆರಾನ್, ಅಂದರೆ ಗಂಡು ಹಾರ್ಮೋನು, ವಿಪರೀತ ಏರಿತ್ತು. ಬಸುರಿನಲ್ಲಿ ಅಪರೂಪಕ್ಕೆ ಹುಟ್ಟಿ ಈ ಹಾರ್ಮೋನನ್ನು ಸುರಿಸುವ ನಿರಪಾಯಕಾರಿ ಗಡ್ಡೆಯೊಂದಿದೆ. ಹೆಸರು ಲ್ಯೂಟಿಯೋಮಾ, ಹೆರಿಗೆಯಾದ ಮೇಲೆ ತಾನಾಗಿಯೇ ಕರಗುತ್ತದೆ. ಎಂಆರ್‌ಐ ನೋಡಿದ ಕ್ಯಾನ್ಸರ್ ತಜ್ಞರೂ ಕಾಯೋಣ ಎಂದರು. ಆಪರೇಷನ್ ರದ್ದು ಮಾಡಿದೆ.

ಸವಿತಾ ಕೇಳಿದ್ದು ಒಂದೇ ಮಾತು: "ಮಗು ಹೆಣ್ಣಾದ್ರೆ ಅದಕ್ಕೂ ಹಿಂಗೇ ಆಗುತ್ತಾ?"

ಹೆಣ್ಣು ಮಗುವಿನ ಜನನಾಂಗದ ಬೆಳವಣಿಗೆಯಲ್ಲಿ ವ್ಯತ್ಯಾಸವಾಗುವುದುಂಟು. ಗರ್ಭದಲ್ಲಿ ಮಗುವನ್ನು ಪೋಷಿಸುವ ಮಾಸು ಆ ಹಾರ್ಮೋನನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿ ಅಲ್ಲ. ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹುಟ್ಟಿದ ತಕ್ಷಣ ನಾನೇ ನೋಡ್ತೀನಿ" ಎಂದೆ.

ದಿನ ತುಂಬಿ ಹೆಣ್ಣು ಮಗುವೇ ಹುಟ್ಟಿತು. ದೀಪ ಹತ್ತಿರ ಎಳೆದುಕೊಂಡು ಎರಡೆರಡು ಸಲ ನೋಡಿದೆ. ಎಲ್ಲವೂ ಸರಿಯಿತ್ತು. ಮೂವತ್ತು ವರ್ಷ ಹೆರಿಗೆ ಮಾಡಿಸಿದ ನಾನು ಅಂದು ಅತ್ತುಬಿಟ್ಟೆ.

ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಗಡ್ಡೆ ಇರಲಿಲ್ಲ. ಮೀಸೆಯೂ ಹೋಗಿತ್ತು. ದನಿ ಮಾತ್ರ ಇನ್ನೂ ಸ್ವಲ್ಪ ದಪ್ಪವಿತ್ತು. ಅದು ಕೆಲವರಲ್ಲಿ ಹಾಗೆಯೇ ಉಳಿಯುತ್ತದೆ. ಈಗ ನಾನು ಪ್ರತಿ ಬಸುರಿಯನ್ನೂ ಸ್ವಲ್ಪ ಹೊತ್ತು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸುತ್ತೇನೆ. ಅದನ್ನು ಕಲಿಸಿದವಳು ಸವಿತಾ.

"ಹೇಗಿದ್ದೀಯಮ್ಮ?" ಎಂದು ಆ ಸ್ಕ್ಯಾನಿನ ದಿನ ಸವಿತಾಳನ್ನು ಕೇಳಿದಾಗ ಗೌರಮ್ಮ ಎಂದಿನಂತೆ ಬಾಯಿ ತೆರೆದರು. ಸವಿತಾ ಮಗುವನ್ನು ಅವರ ಮಡಿಲಿಗೆ ಹಾಕಿದಳು.

"ಇರಿ ಅತ್ತೆ," ಎಂದಳು ಆ ದಪ್ಪ ದನಿಯಲ್ಲೇ, "ನಾನೇ ಹೇಳ್ತೀನಿ."