ಜಯಮ್ಮ ಕೋಂ ತಿಮ್ಮಯ್ಯ

ತಿಮ್ಮಯ್ಯನವರು ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಹಜಾರವನ್ನು ಹೆಜ್ಜೆಯಲ್ಲಿ ಅಳೆದು, ಆಮೇಲೆ ಎಲೆಯ ಮುಂದೆ ಕೂರುತ್ತಿದ್ದರು. ಬಾಯೊಳಗೇ ಎಣಿಸುತ್ತಿದ್ದಾರೆಂಬುದು ಮೀಸೆಯ ಅಲುಗಾಟದಿಂದ ಗೊತ್ತಾಗುತ್ತಿತ್ತು. ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿಯುವ ಕೆಲಸ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಅವರು ಮೆಟ್ಟದ ಬದುವಿರಲಿಲ್ಲ. ಸ್ವಂತಕ್ಕೆ ಮಾತ್ರ ಅಂಗೈಯಗಲ ನೆಲವಿಲ್ಲ. ಅದನ್ನೂ ಹೆಮ್ಮೆಯಿಂದಲೇ ಹೇಳುತ್ತಿದ್ದರು: "ನನ್ನೆಸ್ರು ಯಾವ ಜಮೀನಿನ್ ಪಾಣೀಲೂ ಇಲ್ಲ ಕಣವ್ವ, ಬೇಕಾರೆ ಉಡುಕ್ಸಿ ನೋಡು."

ತೊಂಬತ್ತರ ದಶಕದಲ್ಲಿ ಭಾನುವಾರವೆಂದರೆ ನಮ್ಮ ಮನೆಯ ಜಗಲಿಯ ಮೇಲೆ ಅವರಿಗೂ ನಮ್ಮ ತಂದೆಗೂ ವಾದ. ತಂದೆ ನಿವೃತ್ತ ಮೇಷ್ಟ್ರು. ಉಳುವವನಿಗೆ ಭೂಮಿ ಎಂಬ ಕಾನೂನು ಬಂದು ನಮ್ಮ ಮೂರು ಎಕರೆ ಗೇಣಿದಾರರ ಪಾಲಾದಾಗ ಸರಪಳಿ ಹಿಡಿದು ಬಂದವರು ಇದೇ ತಿಮ್ಮಯ್ಯ. ಆವತ್ತಿನ ಜಗಳ ಹೇಗೆ ಸ್ನೇಹವಾಯಿತೋ, ಇಬ್ಬರಿಗೂ ನೆನಪಿರಲಿಲ್ಲ.

"ನೆಲ ಯಾರ್ದೂ ಅಲ್ಲ ಮೇಷ್ಟ್ರೇ. ಉತ್ಕಂಡ್ ತಿನ್ಲಿ, ಮನೆ ಕಟ್ಕಂಡ್ ಇರ್ಲಿ. ನಂದು ಅನ್ಬಾರ್ದು. ನಂದು ಅಂದ್ರೋ, ನಾನು ಸರಪಳಿ ತಗಂಡ್ ಓಗ್ಬೇಕಾಯ್ತದೆ."

"ಯಾರದ್ದೂ ಅಲ್ಲ ಅಂದ್ರೆ ಸರ್ಕಾರದ್ದು ಅಂತಾಗುತ್ತೆ ಕಣಯ್ಯ. ನಾಳೆ ಸರ್ಕಾರ ನಿನ್ನ ಏಳು ಅಂದ್ರೆ?"

"ಏಳೋದು, ಮುಂದಕ್ಕೋಗೋದು."

ನೆಲ ಯಾರದ್ದೂ ಅಲ್ಲ ಎಂಬ ಈ ಮಾತು ಪುಸ್ತಕ ಓದಿ ಬಂದದ್ದಲ್ಲ. ಚನ್ನರಾಯಪಟ್ಟಣದ ಕಡೆ ಅಣ್ಣತಮ್ಮಂದಿರಿಬ್ಬರು ಒಂದು ಬದುವಿಗಾಗಿ ಗುದ್ದಲಿ ಎತ್ತಿಕೊಂಡು ನಿಂತಿದ್ದರಂತೆ. ಅಳತೆ ಮುಗಿದ ಮೇಲೆ ತಿಮ್ಮಯ್ಯ ಆ ತಕರಾರಿನ ನೆಲದ ಪಟ್ಟಿಗೆ ಅಡ್ಡಲಾಗಿ ಪಾದದ ಮುಂದೆ ಪಾದ ಇಟ್ಟರು. ಎರಡನೆಯ ಪಾದಕ್ಕೇ ಜಾಗ ಮುಗಿಯಿತು. "ಇಷ್ಟೇ ಕಣ್ರಪ್ಪಾ, ಒಂದ್ ಜೊತೆ ಮೆಟ್ಟು ಬುಡಕ್ಕಾಯ್ತದೆ" ಅಂದರಂತೆ. ತಮ್ಮ ನಕ್ಕುಬಿಟ್ಟ. ಅಣ್ಣ ನಗಲಿಲ್ಲ, ಆದರೆ ಗುದ್ದಲಿ ಇಳಿಸಿದ.

ಎರಡು ಸಾವಿರದ ಆಚೀಚೆ ಅವರಿಗೆ ನಿವೃತ್ತಿಯಾಯಿತು. ಎರಡು ತಿಂಗಳಲ್ಲಿ ಸರ್ಕಾರಿ ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ಕಾಗದ ಬಂತು. ಮಕ್ಕಳಿಲ್ಲ. ಆ ವಯಸ್ಸಿನಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆಪಡಗ ಹೊರುವುದನ್ನು ನೆನೆದೇ ಮನುಷ್ಯ ಕುಗ್ಗಿಹೋದರು. ಭಾನುವಾರ ಬಂದರೂ ಕೊಟ್ಟ ಕಾಫಿ ಆರಿ ತಣ್ಣಗಾಗುತ್ತಿತ್ತು. ನಮ್ಮ ತಂದೆಯೂ ಹಳೆಯ ವಾದ ಎತ್ತಲಿಲ್ಲ. ಗೆದ್ದ ಸಂತೋಷ ಅವರ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ.

ಗಡುವಿಗೆ ಇನ್ನು ಹತ್ತು ದಿನವಿದೆ ಎನ್ನುವಾಗ ತಿಮ್ಮಯ್ಯನವರ ಹೆಂಡತಿ ಜಯಮ್ಮ ಗಂಡನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಸೆರಗಿನೊಳಗಿಂದ ಒಂದು ಹಾಳೆ ತೆಗೆದು ನನ್ನ ಕೈಗಿತ್ತು, "ಜೋರಾಗ್ ಓದವ್ವ" ಅಂದರು. ಅರಕಲಗೂಡಿನಿಂದ ತಂದ ಕಂಪ್ಯೂಟರ್ ಪಹಣಿ. ಹತ್ತು ಗುಂಟೆ. ಸ್ವಾಧೀನದಾರರ ಹೆಸರಿರುವ ಕಡೆ ಓದಿದೆ: "ಜಯಮ್ಮ ಕೋಂ ತಿಮ್ಮಯ್ಯ."

ಕೋಂ ಅಂದರೆ ಇಂಥವರ ಹೆಂಡತಿ ಎಂದರ್ಥ. ಅದು ತಿಮ್ಮಯ್ಯನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೇಳಿದರು: "ಯಾವ್ ತಿಮ್ಮಯ್ಯ?"

"ಎಷ್ಟ್ ಜನ ತಿಮ್ಮಯ್ಯನ್ನ ಕಟ್ಕಂಡಿದ್ದೀನಿ ನಾನು?" ಅಂದರು ಜಯಮ್ಮ.

ಮದುವೆಯಾದ ವರ್ಷ ಅವರಪ್ಪ ಅರಿಶಿನ ಕುಂಕುಮಕ್ಕೆಂದು ಮಗಳ ಹೆಸರಿಗೆ ಮಾಡಿಕೊಟ್ಟ ನೆಲವಂತೆ. ಅಣ್ಣ ಉಳುತ್ತಿದ್ದ. "ಬಾಯ್ ಬುಟ್ಟಿದ್ರೆ ಇವ್ರು ಯಾರ್ಗಾರಾ ಕೊಟ್ಬುಡೋರು. ಪಕ್ಕದ್ ಜಮೀನ್ ಅಳೆಯಕ್ ಬಂದಿದ್ರು ಒಂದ್ಸಲ. ನನ್ ನೆಲದ್ ಬದಿನ್ ಮೇಲೇ ನಿಂತ್ಕಂಡು ಮಜ್ಜಿಗೆ ಕೊಟ್ಟೆ. ಸುಮ್ಕಿದ್ದೆ."

ತಿಮ್ಮಯ್ಯ ಜಗಲಿಯ ಮೇಲೆ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದುಕೊಂಡೆ, ಟವೆಲು ತೆಗೆದರೆ ನಗುತ್ತಿದ್ದರು. ತಂದೆಗೂ ಜೀವ ಬಂತು, ಕೂಡಲೇ ಕೆಣಕಿದರು: "ಈಗೇನಂತೀಯಯ್ಯ?"

"ಅದು ಅವ್ಳ್ದು ಮೇಷ್ಟ್ರೇ, ನಂದಲ್ಲ. ನನ್ ಮಾತು ನಿಂತೈತೆ." ಟವೆಲು ಮಡಿಸಿ ಹೆಗಲಿಗೆ ಹಾಕಿಕೊಂಡು ತಾವೇ ಮೆಲ್ಲಗೆ ಅಂದರು: "ಸಂಬ್ಳದ್ ಮನೇಲಿ ಕೂತು ಯಾರ್ದೂ ಅಲ್ಲ ಅನ್ನೋದು ಸಲೀಸು. ಈ ಎಲ್ಡ್ ತಿಂಗ್ಳು ನಿದ್ದೆ ಮಾಡಿಲ್ಲ ನಾನು."

ಆ ಹತ್ತು ಗುಂಟೆಯಲ್ಲಿ ಶೀಟಿನ ಮನೆ ಎದ್ದಿತು. ನಾನು ಕೊನೆಯ ಸಲ ಅವರನ್ನು ನೋಡಿದಾಗ ಮುರುಕು ಕುರ್ಚಿಯಲ್ಲಿ ಬಿಸಿಲು ಕಾಯುತ್ತಿದ್ದ ತಿಮ್ಮಯ್ಯ, "ಇರವ್ವ, ಓನರ್ನ ಕೇಳ್ತೀನಿ" ಎಂದು ಒಳಗೆ ಕೂಗು ಹಾಕಿದರು. ಜಯಮ್ಮ ಬೈಯುತ್ತಲೇ ಚಾಪೆ ಹಾಸಿದರು.

ತಿಮ್ಮಯ್ಯನವರು ತೀರಿಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ನಾನು ಅಲ್ಲಿಗೆ ಹೋದಾಗ ಜಯಮ್ಮ ಹಿತ್ತಲಿಗೆ ಕರೆದುಕೊಂಡು ಹೋಗಿ ಸೀಬೆಗಿಡದ ಪಕ್ಕದ ಮಣ್ಣಿನ ಗುಡ್ಡೆ ತೋರಿಸಿದರು.

"ಅವ್ರೇ ಕೇಳಿದ್ರು ಕಣವ್ವ, ಓಗೋ ಒಂದ್ ವಾರ ಮುಂಚೆ. ಜಯೂ, ನಿನ್ ನೆಲ್ದಾಗೆ ನಂಗೊಂದ್ ಮೂಲೆ ಕೊಟ್ಟೀಯಾ ಅಂದ್ರು. ತಗಳ್ಳಿ ಅಂದೆ. ಆವತ್ತು ಗೊರಕೆ ಒಡ್ಕಂಡು ನಿದ್ದೆ ಮಾಡಿದ್ರು."