ನಮ್ಮ ತೋಪಿನಲ್ಲಿ ಬಿದ್ದ ಹಿಮ

ವೈಟ್‌ಫೀಲ್ಡ್‌ನಿಂದ ಆಚೆ, ನಮ್ಮ ನೀಲಗಿರಿ ತೋಪು ಇದ್ದ ಜಾಗದಲ್ಲಿ ತಗಡಿನ ದೊಡ್ಡ ಗೋಡೌನೊಂದು ಎದ್ದಿತು. ಒಳಗೆ ಮೆಷಿನ್ ಹಿಮ ಉದುರಿಸುತ್ತಿತ್ತು. ಒಂದು ಕಡೆ ಹಿಮದ ದಿಬ್ಬ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಜನ ಅದರ ಮೇಲಿಂದ ಜಾರುತ್ತಿದ್ದರು. ಸ್ಕೀ ಅಂತೆ! ಊರಿನವರೆಲ್ಲ ನಕ್ಕರು. ಅಪ್ಪ ಮಾತ್ರ, "ಬಿಸ್ಲಲ್ಲಿ ಚಳಿ ಮಾರ್ತಾವ್ರೆ, ಜನ ಮುಗಿಬಿದ್ದು ತಗೋತಾವ್ರೆ. ನಿಮ್ಗ್ಯಾಕ್ಲಾ ಒಟ್ಟೆಕಿಚ್ಚು?" ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಜಾಗ ಕೊಡುವಾಗ ಅವರು ಹಾಕಿದ್ದ ಷರತ್ತು ಒಂದೇ: ಮಗಳಿಗೆ ಒಳಗೆ ಕೆಲಸ. ಹಾಗೆ ನಾನು ಸೂಪರ್‌ವೈಸರ್ ಆದೆ.

ಎರಡೇ ವರ್ಷದಲ್ಲಿ ಊರಿನ ಗುರುತು ಸಿಗದಂತಾಯಿತು. ರಾಗಿ ಕಣ ಇದ್ದಲ್ಲಿ ಪಾರ್ಕಿಂಗು. ಏಪ್ರಿಲ್ ಬಿಸಿಲಿನಲ್ಲಿ ರಸ್ತೆ ಬದಿಗೆ ಉಣ್ಣೆ ಟೋಪಿ, ಕೈಗವಸು ಮಾರುವವರ ಸಾಲು. ನಡುಗುತ್ತಾ ಹೊರಬಂದವರಿಗೆ ಬಜ್ಜಿ, ಟೀ. ಕಂಡಕ್ಟರ್ ಊರಿನ ಹೆಸರು ಬಿಟ್ಟು "ಸ್ನೋ ಗೇಟ್ ಯಾರ್ರೀ, ಇಳೀರಿ" ಎಂದು ಕೂಗತೊಡಗಿದ. ಅಪ್ಪ ದನದ ಕೊಟ್ಟಿಗೆ ಕೆಡವಿ ಸಾಲಾಗಿ ರೂಮುಗಳನ್ನು ಕಟ್ಟಿಸಿದರು. ರಾಯಚೂರು, ಯಾದಗಿರಿ ಕಡೆಯ ಕೂಲಿಯವರು ತುಂಬಿಕೊಂಡರು.

ಅವರಲ್ಲೊಬ್ಬಳು ಹಿಮ ಗುಡಿಸುವ ಕೆಲಸಕ್ಕೆ ಸೇರಿದಳು. ಯಾದಗಿರಿಯವಳು, ಇಬ್ಬರು ಮಕ್ಕಳ ತಾಯಿ. ನನಗಿಂತ ದೊಡ್ಡವಳಾದರೂ ನನ್ನನ್ನು "ಅಕ್ಕಾರ" ಎನ್ನುತ್ತಿದ್ದಳು. ನಾನು ಅವಳನ್ನು "ಏಯ್" ಎನ್ನುತ್ತಿದ್ದೆ.

ಆ ವರ್ಷ ಆಯುಧಪೂಜೆಗೆ ನನ್ನದೇ ಯಜಮಾನಿಕೆ. ಮೆಷಿನ್ನಿಗೆ ಬಾಳೆಕಂದು ಕಟ್ಟಿಸಿದೆ, ಜಾರುವ ಹಲಗೆಗಳಿಗೆ ಅರಿಶಿನ ಹಚ್ಚಿಸಿದೆ, ದಿಬ್ಬದ ಮೇಲೆಯೇ ಕುಂಕುಮ ತುಂಬಿದ ಬೂದುಗುಂಬಳ ಒಡೆಸಿದೆ. ಬಿಳಿ ಹಿಮ ಕೆಂಪಾಗಿ ಹೋಯಿತು. ಮ್ಯಾನೇಜರ್ ಓಡಿಬಂದ. "ಏನ್ ಮೇಡಂ ಇದು! ಹನ್ನೊಂದಕ್ಕೆ ಗೆಸ್ಟ್ ಬರ್ತಾರೆ, ಕ್ಲೀನ್ ಮಾಡ್ಸಿ!"

ಅವಳು ರಬ್ಬರ್ ಬೂಟು ಹಾಕಿಕೊಂಡು, ಸಲಿಕೆ ಹಿಡಿದು ಬಂದಳು. ನನಗೋ ಮಡಿ ತಲೆಗೇರಿತ್ತು. "ಪೂಜೆ ಆಗಿರೋ ಜಾಗ ಕಣೇ, ಬೂಟಲ್ಲಿ ತುಳೀತೀಯಾ? ಬಿಚ್ಚಿಟ್ಟು ಹೋಗು" ಎಂದೆ. ಬಾಗಿಲ ಬಳಿ ಬಿಚ್ಚಿಟ್ಟು ಬರಿಗಾಲಲ್ಲಿ ಹೋದಳು. ನಾನು ಗಾಜಿನಾಚೆ ಸ್ವೆಟರ್ ಹಾಕಿಕೊಂಡು ಕೂತು ಪ್ರಸಾದದ ಕಡಲೆಪುರಿ ತಿಂದೆ. ಕೆಂಪು ಕೆರೆದಷ್ಟೂ ಕೆಳಗಿಳಿದಿತ್ತು. ಒಂದು ಗಂಟೆಗೂ ಮೇಲಾಯಿತು. ನಡುವೆ ಎರಡು ಸಲ ಬಾಗಿಲವರೆಗೆ ಬಂದಳು. ಎರಡು ಸಲವೂ ಕೈಸನ್ನೆ ಮಾಡಿ ವಾಪಸ್ ಅಟ್ಟಿದೆ.

ಕೊನೆಗೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಕಾಲಾಗ ಜೀವನೇ ಇಲ್ಲದಂಗ ಆಗ್ಯಾದ್ರಿ ಅಕ್ಕಾರ."

"ಬಿಸಿನೀರಲ್ಲಿ ಇಟ್ಕೋ, ಸರಿಹೋಗುತ್ತೆ" ಎಂದು ಟೀ ಅಂಗಡಿಯಿಂದ ಒಂದು ಬಕೆಟ್ ಕುದಿಯುವ ನೀರು ತರಿಸಿದೆ. ತಣ್ಣೀರು ಬೆರೆಸಬೇಕೆಂದು ನನಗೂ ಹೊಳೆಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಎರಡೂ ಪಾದ ಮುಳುಗಿಸಿ ಕೂತಳು. ಹಬೆ ಅವಳ ಮುಖಕ್ಕೆ ಹೊಡೆಯುತ್ತಿತ್ತು. "ನೀರು ಕಾದಿಲ್ಲೇನ್ರಿ?" ಎಂದು ಕೇಳಿದಳು. ನಾನು ನಕ್ಕೆ. ಥೂ, ಆ ನಗು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ. ಕಾಲು ಎತ್ತಿದಾಗ ಚರ್ಮ ನೀರಿನಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಅವಳು ಕೋಲು ಊರಿಕೊಂಡು ಬಂದ ದಿನ ಮ್ಯಾನೇಜರ್ ನಮ್ಮಿಬ್ಬರನ್ನೂ ತನ್ನ ರೂಮಿಗೆ ಕರೆದ. ಬೂಟು ಬಿಚ್ಚಲು ಯಾರಾದರೂ ಹೇಳಿದ್ದರೆ, ಹೇಳಿದವರು ಮನೆಗೆ. ಅವಳಿಗೆ ಕೋಟು ಕೊಡುವ ಕೌಂಟರಿನಲ್ಲಿ ಕೂತು ಮಾಡುವ ಕೆಲಸ. ತಾನಾಗಿ ಬಿಚ್ಚಿದ್ದರೆ ಅವಳೇ ಮನೆಗೆ ಎಂದ.

ಮೊದಲು ನನ್ನನ್ನು ಕೇಳಿದ. "ನಾನ್ಯಾಕ್ ಹೇಳ್ಲಿ ಸಾರ್? ಆ ಕಡೆಯವ್ರಿಗೆ ಬರಿಗಾಲೇ ಅಭ್ಯಾಸ" ಎಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ.

ಆಮೇಲೆ ಅವಳ ಕಡೆ ತಿರುಗಿದ. ಅವಳಿದ್ದದ್ದು ನಮ್ಮ ಬಾಡಿಗೆ ರೂಮಿನಲ್ಲಿ. ಹಿಂದಿನ ದಿನವೇ ಅಪ್ಪ ಅವಳ ಬಾಗಿಲಲ್ಲಿ ನಿಂತು, "ನನ್ ಮಗಳ ಎಸ್ರು ಎತ್ತಿದ್ರೆ ರೂಮ್ ಖಾಲಿ ಮಾಡ್ಬೇಕಾಯ್ತದೆ" ಎಂದು ಬಂದಿದ್ದರು. ಅವರನ್ನು ಕಳಿಸಿದ್ದು ನಾನು.

"ಅಕ್ಕಾರ ಏನೂ ಹೇಳಿಲ್ರಿ. ನಾನ ಬಿಚ್ಚೀನಿ" ಎಂದಳು. ಮ್ಯಾನೇಜರ್ ಚಾಚಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬಂದಾಗ ನನ್ನ ಸೆರಗು ಹಿಡಿದು, "ರೂಮ್ ಒಂದು ಬಿಡಿಸಬ್ಯಾಡ್ರಿ" ಎಂದಳು. "ಇಲ್ಲ, ಹೋಗು" ಎಂದೆ. ಮುಂದಿನ ತಿಂಗಳು, ಕೆಲಸ ಇಲ್ಲದವಳನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಅಪ್ಪ ಅಂದಾಗ, ಹೋಗಿ ಬೀಗ ಬದಲಾಯಿಸಿ ಬಂದವಳು ನಾನೇ.